ಹಲ್ಲಿನಲ್ಲಿ ಕಚ್ಚಿದ ಗುಂಡು

ಫಾರಂ ತುಂಬುವುದರಲ್ಲಿ ನನ್ನನ್ನು ಮೀರಿಸುವವರು ಹಳೇಬೀಡಿನ ಸುತ್ತಮುತ್ತ ಯಾರೂ ಇಲ್ಲ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಆಶಾ ಕಾರ್ಯಕರ್ತೆಯಾಗಿ ಏಳು ವರ್ಷದಿಂದ ಮನೆಮನೆ ಸುತ್ತುತ್ತಿದ್ದೇನೆ. ಬಸುರಿಯರ ಪಟ್ಟಿ, ಲಸಿಕೆಯ ಪಟ್ಟಿ, ಕೆಮ್ಮಿನವರ ಪಟ್ಟಿ, ಯಾವುದನ್ನು ಕೊಟ್ಟರೂ ಒಂದು ಖಾನೆ ಖಾಲಿ ಬಿಡದೆ ತುಂಬಿ ಕೊಡುತ್ತಿದ್ದೆ. ಬಾಯಿಯೂ ಸ್ವಲ್ಪ ಜೋರು. ಕೈ ತೊಳೆಯದೆ ಮಗುವಿಗೆ ಉಣಿಸುವ ತಾಯಂದಿರನ್ನು ಅವರ ಅತ್ತೆಯರ ಎದುರಿಗೇ ಬೈದು ಬಂದವಳು ನಾನು. ಬೀದಿಯ ತುದಿಯಲ್ಲಿ ನಾನು ಕಾಣಿಸಿಕೊಂಡರೆ ಕೆಲವರು ಮಕ್ಕಳ ಮೂಗು ಒರೆಸಲು ಓಡುತ್ತಿದ್ದರು. ಅದನ್ನು ಕಂಡು ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು.

ಎರಡು ವರ್ಷದ ಹಿಂದೆ ಬೆಂಗಳೂರಿನಿಂದ ವೈದ್ಯರ ಒಂದು ತಂಡ ಬಂತು. ಸೀಸದಂಥ ಲೋಹ ಗಾಳಿಯಿಂದಲೋ ಮಣ್ಣಿನಿಂದಲೋ ಮಕ್ಕಳ ಮೈ ಸೇರಿದರೆ ಅವರ ಮೆದುಳು ಹೇಗೆ ಬೆಳೆಯುತ್ತದೆ ಎಂಬುದನ್ನು ಎಂಆರ್‌ಐ ಯಂತ್ರದಲ್ಲಿ ಚಿತ್ರ ತೆಗೆದು ನೋಡುವುದು ಅವರ ಕೆಲಸ. ಅರಸೀಕೆರೆ ಕಡೆ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ಡುಗಳ ಪಕ್ಕದಲ್ಲಿ ಬೆಳೆದ ಮಕ್ಕಳದು ಒಂದು ಗುಂಪು. ಅವರೊಂದಿಗೆ ಹೋಲಿಸಿ ನೋಡಲು ಸೀಸದ ಗಾಳಿಯೇ ಸೋಕದ ಹಳ್ಳಿಗಳ ಮಕ್ಕಳದು ಇನ್ನೊಂದು ಗುಂಪು. ಈ ಎರಡನೆಯದಕ್ಕೆ ನಮ್ಮ ಕೆರೆಯ ಸುತ್ತಿನ ಊರುಗಳನ್ನು ಆರಿಸಿದ್ದರು. ಮನೆಗಳಿಗೆ ಹೋಗಿ ಪ್ರಶ್ನೆ ಕೇಳಿ ಬರೆದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ತಂಡದ ಮುಖ್ಯಸ್ಥೆ ನನಗಿಂತ ಒಂದೆರಡು ವರ್ಷ ದೊಡ್ಡವರಿರಬಹುದಾದ, ಮೆಲುದನಿಯ ಡಾಕ್ಟರು. ನಾನು ಅವರನ್ನು ಮೇಡಂ ಎನ್ನುತ್ತಿದ್ದೆ.

'ಮನೆಯಲ್ಲಿ ಯಾರಾದರೂ ಸೀಸದ ಕೆಲಸ ಮಾಡುತ್ತಾರೆಯೇ?' ಎಂಬುದು ಫಾರಮಿನ ಮುಖ್ಯ ಪ್ರಶ್ನೆ. ಬಸ್ತಿಹಳ್ಳಿಯ ಜೈನರ ಮನೆಯೊಂದರಲ್ಲಿ ಯಜಮಾನಿ, "ನಾವು ನೀರನ್ನೇ ಬಟ್ಟೇಲಿ ಸೋಸಿ ಕುಡಿಯೋರು ಕಣ್ರೀ, ನಮ್ಮಲ್ಲಿ ಎಂಥ ಸೀಸ?" ಎಂದು ನಕ್ಕರು. ಇಲ್ಲ ಎಂದು ಬರೆದೆ. ರಾಗಿ ಬೆಳೆಯುವವರ ಮನೆಗಳಲ್ಲೂ ಇಲ್ಲ. ನಮ್ಮ ಕೇರಿಯ ಮೀನುಗಾರರ ಮನೆಗಳಲ್ಲಿ ನಾನು ಪ್ರಶ್ನೆಯನ್ನು ಪೂರ್ತಿ ಓದುವ ಗೋಜಿಗೂ ಹೋಗಲಿಲ್ಲ. ನಮ್ಮವರೇ ತಾನೆ, ನನಗೆ ಗೊತ್ತಿಲ್ಲದ್ದೇನಿದೆ ಎಂದು ನಾನೇ ಇಲ್ಲ, ಇಲ್ಲ ಎಂದು ಗೀಚಿಕೊಂಡು ಬಂದೆ. ಕೊನೆಗೆ ನನ್ನ ಮನೆಯ ಫಾರಮನ್ನೂ ತುಂಬಿದೆ. ಮಗಳಿಗೆ ಆಗ ಒಂಬತ್ತು ವರ್ಷ, ಅವರಿಗೆ ಬೇಕಾಗಿದ್ದ ವಯಸ್ಸು. ಅಲ್ಲಿಯೂ ಇಲ್ಲ ಎಂದೇ ಬರೆದೆ.

ನಮ್ಮದು ಕೆರೆಯನ್ನು ನಂಬಿದ ಮನೆ. ಗಂಡ ತೆಪ್ಪದಲ್ಲಿ ಹೋಗಿ ಮೀನು ಹಿಡಿಯುತ್ತಾನೆ, ಮಾವ ಬಲೆ ಹೆಣೆಯುತ್ತಾರೆ. ಬೀಸುವ ಬಲೆ ನೀರಿಗೆ ಬಿದ್ದೊಡನೆ ಮುಳುಗಬೇಕಾದರೆ ಅದರ ಅಂಚಿನ ಹುರಿಗೆ ಸುತ್ತಲೂ ಭಾರ ಬೇಕು. ಮಾವ ಅರಸೀಕೆರೆಗೆ ಹೋದಾಗಲೆಲ್ಲ ಗುಜರಿ ಅಂಗಡಿಯಿಂದ ಸೀಸದ ಗಟ್ಟಿ ತರುತ್ತಿದ್ದರು. ಹಿತ್ತಲ ಒಲೆಯ ಮೇಲೆ ಕಬ್ಬಿಣದ ಸೌಟಿನಲ್ಲಿ ಅದನ್ನು ಕರಗಿಸಿ ಅಚ್ಚಿಗೆ ಹೊಯ್ದು ಕಡಲೆಕಾಳಿನಷ್ಟು ದಪ್ಪದ ಗುಂಡು ಮಾಡುತ್ತಿದ್ದರು. ಗುಂಡಿನ ನಡುವೆ ಒಂದು ಸೀಳು. ಆ ಸೀಳಿಗೆ ಹುರಿಯನ್ನು ಕೂರಿಸಿ ಹಲ್ಲಿನಲ್ಲಿ ಕಚ್ಚಿದರೆ ಸಾಕು, ಸೀಸ ಮೆತ್ತಗಿರುವುದರಿಂದ ಗಪ್ಪನೆ ಹಿಡಿದುಕೊಳ್ಳುತ್ತದೆ. ಇಕ್ಕಳದಲ್ಲಿ ಒತ್ತಿದರೆ ಹುರಿ ನಲುಗುತ್ತದೆ. ಎಲ್ಲಿಗೆ ನಿಲ್ಲಿಸಬೇಕೆಂದು ಹಲ್ಲಿಗೆ ತಿಳಿಯುವಷ್ಟು ಇಕ್ಕಳಕ್ಕೆ ತಿಳಿಯುವುದಿಲ್ಲ ಎಂದು ಮಾವ ಹೇಳುತ್ತಿದ್ದರು. ಕೇರಿಯಲ್ಲಿ ಎಲ್ಲರೂ ಹಾಗೇ ಮಾಡುವವರು. ಮದುವೆಯಾಗಿ ಬಂದ ತಿಂಗಳೊಳಗೆ ನಾನೂ ಕಲಿತೆ.

ಮಾವನ ಹಲ್ಲು ಉದುರಿದವು, ನನಗೆ ಆಶಾ ಕೆಲಸದಿಂದ ಪುರುಸೊತ್ತಿಲ್ಲದಂತಾಯಿತು. ಹೀಗೆ ಆರನೇ ವಯಸ್ಸಿನಲ್ಲೇ ಆ ಕೆಲಸ ಮಗಳ ಬಾಯಿಗೆ ಬಿತ್ತು. ಶಾಲೆಯಿಂದ ಬಂದವಳೇ ತಾತನ ಪಕ್ಕ ಕೂತು, ನಾಲ್ಕೈದು ಗುಂಡುಗಳನ್ನು ದವಡೆಗೆ ಹಾಕಿಕೊಂಡು, ಒಂದೊಂದನ್ನೇ ನಾಲಿಗೆಯಲ್ಲಿ ಮುಂದಕ್ಕೆ ತಂದು ಕಚ್ಚುತ್ತಿದ್ದಳು. ಸಣ್ಣ ಹಲ್ಲು, ಒಂದೇ ಅಳತೆಯ ಕಚ್ಚು. ಬಂದವರಿಗೆಲ್ಲ ಮಾವ ಬಲೆಯ ಅಂಚನ್ನು ತೋರಿಸಿ, "ಇದು ನಮ್ ಕೂಸಿನ ಕೆಲ್ಸ" ಎನ್ನುತ್ತಿದ್ದರು. ನಾನೂ ಹಿಗ್ಗುತ್ತಿದ್ದೆ.

ಅದು ಸೀಸವೆಂದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಆದರೆ ಸೀಸದ ಕೆಲಸವೆಂದರೆ ನನ್ನ ಕಣ್ಣಿಗೆ ಬರುತ್ತಿದ್ದುದು ಶೆಡ್ಡು, ಹೊಗೆ, ಮಸಿ ಮೆತ್ತಿಕೊಂಡ ಗಂಡಸರು. ನಮ್ಮ ಜಗಲಿಯ ಮೇಲೆ ನಡೆಯುತ್ತಿದ್ದುದು ಬಲೆ ಕಟ್ಟುವ ಕೆಲಸ. ಅನ್ನ ಮಾಡುವವಳನ್ನು ಬೆಂಕಿಯ ಕೆಲಸದವಳು ಎಂದು ಯಾರಾದರೂ ಕರೆಯುತ್ತಾರೆಯೇ? ಇದನ್ನು ನನ್ನ ತಪ್ಪು ಮುಚ್ಚಿಕೊಳ್ಳಲು ಹೇಳುತ್ತಿಲ್ಲ. ಆ ಹೊತ್ತಿನಲ್ಲಿ ನನ್ನ ತಲೆ ಓಡಿದ್ದೇ ಹಾಗೆ.

ಇನ್ನೊಂದನ್ನೂ ಹೇಳಬೇಕು, ಹೇಳಲು ನಾಚಿಕೆಯಾಗುತ್ತದೆ. ಮಗಳು ಓದಿನಲ್ಲಿ ಹಿಂದೆ. ಮೂರರ ಮಗ್ಗಿಯನ್ನು ರಾತ್ರಿ ಹೇಳಿಸಿದರೆ ಬೆಳಿಗ್ಗೆ ಇರುತ್ತಿರಲಿಲ್ಲ. ಓದಲು ಕೂರಿಸಿದರೆ ಹೊಟ್ಟೆನೋವು ಎನ್ನುತ್ತಿದ್ದಳು. ಸಣ್ಣದಕ್ಕೂ ಸಿಡುಕು. ನಾನು ಅದನ್ನು ಸೋಮಾರಿತನ ಎಂದುಕೊಂಡೆ. ಊರಿಗೆಲ್ಲ ಬುದ್ಧಿ ಹೇಳುವವಳ ಮಗಳು ದಡ್ಡಿ ಎಂದು ಜನ ಆಡಿಕೊಳ್ಳುತ್ತಾರೆಂಬ ಸಿಟ್ಟು ಬೇರೆ. ಹೊಡೆಯುತ್ತಿದ್ದೆ. ತೊಡೆಯ ಮೇಲೆ, ಬೆನ್ನಿನ ಮೇಲೆ, ಒಂದು ಸಲ ತಲೆಗೇ ಮೊಟಕಿದ್ದೆ.

ಸ್ಕ್ಯಾನ್ ಹಾಸನದಲ್ಲಿತ್ತು. ಬೆಳಿಗ್ಗೆ ಜೀಪು ಬಂದು ಕರೆದುಕೊಂಡು ಹೋಯಿತು. ಮೊದಲು ರಕ್ತ ತೆಗೆದರು. ಆಮೇಲೆ ಮಗಳಿಗೆ ಆಸ್ಪತ್ರೆಯ ಅಂಗಿ ತೊಡಿಸಿ, ಓಲೆ, ಕಾಲುಗೆಜ್ಜೆ, ಹೇರ್‌ಪಿನ್ನು ಎಲ್ಲ ಬಿಚ್ಚಿಸಿ ನನ್ನ ಕೈಗೆ ಕೊಟ್ಟರು. ಒಳಗಿನ ಕೋಣೆಯಿಂದ ಬಡಿಯುವ ಸದ್ದು ಬರುತ್ತಿತ್ತು, ಯಾರೋ ತಗಡಿನ ಬಾಗಿಲನ್ನು ಸುತ್ತಿಗೆಯಲ್ಲಿ ಗುದ್ದಿದ ಹಾಗೆ. ಮಗಳು ನನ್ನ ಸೆರಗು ಹಿಡಿದು ನಿಂತಿದ್ದಳು. ಯಂತ್ರ ನಡೆಸುವ ಟೆಕ್ನಿಷಿಯನ್ ತಲೆ ನರೆತ ಗಂಡಸು. ಕೈಯಲ್ಲಿ ಒಂದು ಪಟ್ಟಿ ಹಿಡಿದುಕೊಂಡು ಕೇಳತೊಡಗಿದರು. ಮೈಯಲ್ಲಿ ರಾಡು ಇದೆಯೇ, ಕಣ್ಣಿಗೆ ಲೋಹದ ಚೂರು ಬಿದ್ದಿತ್ತೇ, ಏನಾದರೂ ನುಂಗಿದ್ದಾಳೆಯೇ? ಅವರು ಪ್ರಶ್ನೆ ಮುಗಿಸುವ ಮೊದಲೇ ನಾನು ಇಲ್ಲ ಎನ್ನುತ್ತಿದ್ದೆ. ಫಾರಂ ಎಂದರೆ ನನಗೆ ನೀರು ಕುಡಿದ ಹಾಗೆ ತಾನೆ.

ಆ ಪುಣ್ಯಾತ್ಮರಿಗೆ ನನ್ನ ಇಲ್ಲಗಳು ಸಾಲಲಿಲ್ಲ. ಪಟ್ಟಿಯನ್ನು ಮಡಚಿ, ಮಂಡಿಯೂರಿ ಕೂತು ಮಗಳನ್ನೇ ಕೇಳಿದರು.

"ಪುಟ್ಟಾ, ಒಳಗೆ ದೊಡ್ಡ ಅಯಸ್ಕಾಂತ ಇದೆ. ಲೋಹ ಇದ್ರೆ ಎಳೆಯುತ್ತೆ. ಪಿನ್ನು, ನಾಣ್ಯ, ಏನಾದ್ರೂ ನುಂಗಿದ್ಯಾ? ನಿಜ ಹೇಳು, ಯಾರೂ ಬೈಯಲ್ಲ."

ಮಗಳು ನನ್ನ ಮುಖ ನೋಡಿದಳು. "ಅಮ್ಮ ಬೈತಾಳೆ."

"ಬೈಯಲ್ಲ, ಹೇಳೇ" ಎಂದೆ. ನನ್ನ ದನಿ ಆಗಲೇ ಬೈಯುವ ಹಾಗಿತ್ತು.

"ಗುಂಡು ನುಂಗಿದ್ದೀನಿ."

"ಎಷ್ಟು?" ಎಂದರು ಟೆಕ್ನಿಷಿಯನ್.

"ಗೊತ್ತಿಲ್ಲ. ಕಚ್ಚೋವಾಗ ಒಂದೊಂದ್ಸಲ ಜಾರ್ಕೊಂಡ್ ಹೋಗ್ತವೆ. ಮೊನ್ನೇನೂ ಒಂದು ಹೋಯ್ತು."

ಟೆಕ್ನಿಷಿಯನ್ ಎದ್ದು ಯಂತ್ರದ ಕೋಣೆಯ ಬಾಗಿಲನ್ನು ಎಳೆದು ಹಾಕಿ, ಮೇಡಂಗೆ ಫೋನ್ ಮಾಡಿದರು. ಎರಡೇ ನಿಮಿಷದಲ್ಲಿ ಮೇಡಂ ಬಂದರು. ಯಂತ್ರಕ್ಕೆ ತೊಂದರೆಯಾಗುತ್ತದೆಂದು ಗಾಬರಿಯಾದರೇನೋ ಎಂದುಕೊಂಡು ನಾನು, "ಅದು ಕಬ್ಬಿಣ ಅಲ್ಲ ಮೇಡಂ, ಸೀಸ. ಅಯಸ್ಕಾಂತಕ್ಕೆ ಅಂಟಲ್ಲ" ಎಂದೆ. ಈ ಮಾತು ನನ್ನ ಬಾಯಿಂದ ಹೊರಬಿದ್ದ ಮೇಲೆ ಅದರ ಅರ್ಥ ನನಗೇ ಹೊಳೆಯಿತು.

ಮೇಡಂ ನನ್ನನ್ನು ದಿಟ್ಟಿಸಿ ನೋಡಿದರು. "ಸೀಸ ಎಲ್ಲಿಂದ ಬಂತು ನಿಮ್ಮನೆಗೆ?"

ಹೇಳಿಬಿಡಬಹುದಿತ್ತು. ಆದರೆ ಎದುರಿಗಿದ್ದುದು ನನ್ನ ಕೈಬರಹವನ್ನು ಹತ್ತು ಜನರ ಮುಂದೆ ಹೊಗಳಿದ್ದ ಮೇಡಂ. ನನ್ನ ನಾಲಿಗೆ ತಾನಾಗಿಯೇ ಹೊರಳಿತು. "ಕೆರೆ ದಂಡೇಲಿ ಬಿದ್ದಿದ್ದು ಎತ್ಕೊಂಡು ಬಾಯಿಗೆ ಹಾಕ್ಕೊಂಡಿರ್ಬೇಕು ಮೇಡಂ. ಮಕ್ಕಳಲ್ವಾ" ಎಂದೆ.

ಮಗಳು ತಲೆಯೆತ್ತಿ ನನ್ನನ್ನು ನೋಡಿದಳು. ಅಮ್ಮ ಸುಳ್ಳು ಹೇಳುತ್ತಾಳೆ ಎಂಬುದು ಅವಳಿಗೆ ಹೊಸ ವಿಷಯವಾಗಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಹೊಟ್ಟೆಯ ಎಕ್ಸ್‌ರೇ ತೆಗೆಸಿದರು. ಚಿತ್ರ ಬರುವವರೆಗೆ ಗೋಡೆಯ ಬದಿಯ ಬೆಂಚಿನ ಮೇಲೆ ಕೂತೆವು. ಮಗಳು ಹಸಿವು ಎಂದಳು. ಏನೂ ಕೊಡಬೇಡಿ ಎಂದು ಹೇಳಿದ್ದರು. ಮೊನ್ನೆಯ ಗುಂಡು ಇಷ್ಟು ಹೊತ್ತಿಗೆ ಹೊರಗೆ ಹೋಗಿರುತ್ತದೆ, ಒಳಗೆ ಏನೂ ಇರುವುದಿಲ್ಲ, ನನ್ನ ಮಾತೇ ನಿಲ್ಲುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ. ಮಗಳ ಹೊಟ್ಟೆಯಲ್ಲಿ ವಿಷವಿದೆಯೋ ಇಲ್ಲವೋ ಎನ್ನುವ ಹೊತ್ತಿನಲ್ಲಿ ನನ್ನ ಮಾನದ ಚಿಂತೆ ಮಾಡುತ್ತಿದ್ದೆನಲ್ಲ, ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ.

ಮೇಡಂ ನನ್ನನ್ನು ಒಳಗೆ ಕರೆದು ಕಂಪ್ಯೂಟರಿನಲ್ಲಿ ತೋರಿಸಿದರು. ಪಕ್ಕೆಲುಬುಗಳ ಕೆಳಗೆ ಒಂದು ಗುಂಡು, ಅಚ್ಚ ಬಿಳಿ, ಅದರ ಸೀಳು ಕೂಡ ಕಾಣುವಷ್ಟು ಸ್ಪಷ್ಟ. ಅದು ಇನ್ನೂ ಜಠರದಲ್ಲೇ ಇತ್ತು. ಕೆಳಗೆ ಬಲಗಡೆ ಇನ್ನೂ ಎರಡು, ಜೊತೆಗೆ ರವೆ ಎರಚಿದಂತೆ ಸಣ್ಣ ಸಣ್ಣ ಚುಕ್ಕೆ.

"ಇದು ಒಂದು ದಿನದ್ದಲ್ಲ" ಎಂದರು ಮೇಡಂ. ಅವರ ದನಿ ಏರಲಿಲ್ಲ. "ನಾನು ನಿಮ್ಮನ್ನ ಬೈಯೋಕೆ ಕೇಳ್ತಿಲ್ಲ. ಮತ್ತೆ ಅದೇ ಜಾಗಕ್ಕೆ ಇವಳನ್ನ ವಾಪಸ್ ಕಳಿಸಬಾರದು, ಅದಕ್ಕೆ ಕೇಳ್ತಿದ್ದೀನಿ. ಎಲ್ಲಿಂದ ಬಂತು?"

ಆಗ ಹೇಳಿದೆ. ಸೌಟು, ಒಲೆ, ಅಚ್ಚು, ದವಡೆಗೆ ಹಾಕಿಕೊಳ್ಳುವುದು, ಎಲ್ಲವನ್ನೂ ಹೇಳಿದೆ. ಅಳು ಬಂತು. ಅವರು ನಿಲ್ಲಿಸಲಿಲ್ಲ, ಬರೆದುಕೊಳ್ಳುತ್ತಾ ಹೋದರು. ಆಮೇಲೆ ಕೇಳಿದರು, "ನೀವೂ ಕಚ್ತಿದ್ರಾ?"

"ಕಚ್ತಿದ್ದೆ."

"ಇವಳು ಹೊಟ್ಟೇಲಿದ್ದಾಗ?"

"ಏಳು ತಿಂಗಳ ತನಕ ಕಚ್ಚಿದ್ದೀನಿ. ಆಮೇಲೆ ತವರಿಗೆ ಹೋದೆ."

ಅವರ ಪೆನ್ನು ನಿಂತಿತು. ವರ್ಷಗಟ್ಟಲೆ ನಾನು ಬಸುರಿಯರಿಗೆ ಕಬ್ಬಿಣದ ಮಾತ್ರೆ ಹಂಚಿದವಳು. ನುಂಗದವರ ಬಾಯಿಗೆ ನಾನೇ ಹಾಕಿ ನೀರು ಕುಡಿಸಿದ್ದೇನೆ. ನನ್ನ ಬಸುರಿನಲ್ಲಿ ನಾನು ಕೂತು ಸೀಸ ಜಗಿದಿದ್ದೆ.

ಅವತ್ತೇ ಮಗಳನ್ನು ದಾಖಲು ಮಾಡಿಕೊಂಡರು. ಮಂಪರು ಬರಿಸಿ, ಗಂಟಲಿನ ಮೂಲಕ ಕೊಳವೆ ಇಳಿಸಿ ಜಠರದ ಗುಂಡನ್ನು ತೆಗೆದರು. ಉಳಿದವನ್ನು ಹೊರಗೆ ತಳ್ಳಲು ಭೇದಿಯ ಔಷಧಿ ಕುಡಿಸಿದರು. ಪ್ರತಿ ಸಲವೂ ನಾನು ಅವಳ ಹಿಂದೆ ಹೋಗಿ ಬೇಸಿನ್ ನೋಡಬೇಕಾಗಿತ್ತು. ಮೊದಲನೆಯ ದಿನ ಏನೂ ಬರಲಿಲ್ಲ. ರಕ್ತದ ವರದಿ ಬಂತು. ಬ್ಯಾಟರಿ ಶೆಡ್ಡಿನ ಪಕ್ಕದ ಮಕ್ಕಳಲ್ಲೂ ಇಷ್ಟು ಸೀಸ ತಾವು ಕಂಡಿಲ್ಲ ಎಂದರು ಮೇಡಂ. ಸೀಸ ಇನ್ನೂ ಏರಿದರೆ ಫಿಟ್ಸ್ ಬರುವ ಅಪಾಯವಿದೆ, ಕಣ್ಣಿಟ್ಟಿರಿ ಎಂದರು. ನಾನು ಮಗಳ ಕೈಕಾಲುಗಳನ್ನೇ ನೋಡುತ್ತಾ ಕೂತಿದ್ದೆ. ಅವಳು ನಿದ್ದೆಯಲ್ಲಿ ಬೆರಳು ಆಡಿಸಿದರೂ ನರ್ಸನ್ನು ಕೂಗುತ್ತಿದ್ದೆ. ಮೂರನೆಯ ದಿನ ಮಧ್ಯಾಹ್ನ ಎರಡು ಗುಂಡು ಬಿದ್ದವು. ಬೇಸಿನ್ನಿಗೆ ಬಿದ್ದಾಗ ಅವು ಟಣ್ ಎಂದ ಸದ್ದಿಗೆ ನಾನು ಕೈ ಮುಗಿದೆ.

ಮಾವ ನೋಡಲು ಬಂದರು. ಅವರಿಗೆ ವಿಷಯ ತಿಳಿಸಿದಾಗ ಮೊದಲು ಒಪ್ಪಲಿಲ್ಲ. "ನಮ್ಮಪ್ಪ ಕಚ್ದ, ನಾನು ಕಚ್ದೆ, ನಿನ್ ಗಂಡ ಕಚ್ದ. ಯಾರಿಗೇನಾಗೈತೆ ಹೇಳವ್ವ?" ಎಂದು ಸಿಟ್ಟಾದರು. ನಾನು ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದೆ. ತಾವೇ ಅಚ್ಚು ಹೊಯ್ದ ಗುಂಡನ್ನು ಅವರು ಗುರುತು ಹಿಡಿಯದೆ ಇರುತ್ತಾರೆಯೇ? ಹಾಳೆಯನ್ನು ನನ್ನ ಕೈಗೆ ಕೊಟ್ಟು, ಮೊಮ್ಮಗಳ ಕಾಲ ಬಳಿ ಕೂತು, "ನಾನೇ ಬಾಯಿಗೆ ಹಾಕ್ದಂಗಾತಲ್ಲೇ ಕೂಸೇ" ಎಂದರು. ಊರಿಗೆ ಹೋದವರು ಒಲೆ ಒಡೆದರು. ಉಳಿದ ಸೀಸವನ್ನೂ ಹಿತ್ತಲ ಮೇಲ್ಮಣ್ಣನ್ನೂ ಮೇಡಂ ಕಡೆಯವರು ಡಬ್ಬಿಗಳಲ್ಲಿ ತುಂಬಿಕೊಂಡು ಹೋದರು. ಈಗ ನಮ್ಮ ಬಲೆಯ ಅಂಚಿಗೆ ಸಣ್ಣ ಕಬ್ಬಿಣದ ಸರಪಳಿ ಇದೆ. ಮುಂಚಿನಷ್ಟು ಚೆನ್ನಾಗಿ ಮುಳುಗುವುದಿಲ್ಲವೆಂದು ಗಂಡ ಗೊಣಗುತ್ತಾನೆ, ಗೊಣಗಲಿ.

ಕೇರಿಯ ಮನೆಗಳಿಗೆ ಮತ್ತೆ ಫಾರಂ ಹಿಡಿದು ಹೋಗಬೇಕಾಯಿತು. ಬೇರೆ ಯಾರನ್ನಾದರೂ ಕಳಿಸುತ್ತೇನೆ ಎಂದು ಮೇಡಂ ಹೇಳಿದರೂ ನಾನೇ ಹೋದೆ. 'ಗುಂಡು ಯಾರು ಕಚ್ಚುತ್ತಾರೆ? ದಿನಕ್ಕೆ ಎಷ್ಟು ಹೊತ್ತು?' ಎಂದು ಈ ಸಲ ಪ್ರಶ್ನೆಯನ್ನು ಪೂರ್ತಿ ಓದಿದೆ. "ಹೋದ್ಸಲ ನೀನೇ ಇಲ್ಲ ಅಂತ ಬರ್ಕೊಂಡು ಹೋದ್ಯಲ್ಲವ್ವ, ಈಗ ನಮ್ ಬಾಯಿ ನೋಡಾಕ್ ಯಾಕ್ ಬಂದೆ?" ಎಂದು ಒಬ್ಬಾಕೆ ಬಾಗಿಲಲ್ಲೇ ನಿಲ್ಲಿಸಿದಳು. ಹಿಂದೊಮ್ಮೆ ನಾನು ಅವಳನ್ನು ಕೈ ತೊಳೆಯದ್ದಕ್ಕೆ ಬೈದಿದ್ದೆ. ಅವಳು ಅಂದದ್ದನ್ನೆಲ್ಲ ಕೇಳಿಸಿಕೊಂಡು, ಅವಳ ಇಬ್ಬರು ಮಕ್ಕಳ ಹೆಸರನ್ನೂ ರಕ್ತಪರೀಕ್ಷೆಗೆ ಬರೆಸಿಕೊಂಡೇ ಬಂದೆ.

ಎಂಟು ತಿಂಗಳು ಮಾತ್ರೆ ಮತ್ತು ಪರೀಕ್ಷೆಗಳಲ್ಲೇ ಕಳೆದವು. ಮಗಳ ರಕ್ತದಲ್ಲಿ ಸೀಸ ಇಳಿಯಿತು, ಪೂರ್ತಿ ಹೋಗಲಿಲ್ಲ. ಮೂಳೆಯಲ್ಲಿ ಕೂತದ್ದು ವರ್ಷಗಟ್ಟಲೆ ನಿಧಾನವಾಗಿ ಬಿಡುತ್ತದೆಯಂತೆ. ಆಮೇಲೆ ಮತ್ತೆ ಸ್ಕ್ಯಾನಿಗೆ ಕರೆದರು. ಈ ಸಲ ಅವಳ ಹೆಸರು ಸೀಸ ಮೈಸೇರಿದ ಮಕ್ಕಳ ಮೊದಲನೆಯ ಗುಂಪಿನಲ್ಲಿತ್ತು. ಹಿಂದಿನ ದಿನ ಹೊಟ್ಟೆಯ ಎಕ್ಸ್‌ರೇ ತೆಗೆದು ಒಳಗೆ ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡಿದ್ದರು. ಒಳಗೆ ಅವಳ ಜೊತೆ ಇರಲು ನನ್ನನ್ನೂ ಬಿಟ್ಟರು. ತಾಳಿ, ಕಾಲುಂಗುರ, ಬಳೆ ಎಲ್ಲ ಬಿಚ್ಚಿಟ್ಟು ಹೋದೆ. ಮಗಳ ತಲೆಗೆ ಪಂಜರದಂಥದ್ದು ಹಾಕಿ ಒಳಕ್ಕೆ ತಳ್ಳಿದರು. ಹೊರಗೆ ಉಳಿದದ್ದು ಎರಡು ಪಾದ. ಯಂತ್ರ ಬಡಿಯಲು ಶುರುವಾಯಿತು. ಅಲ್ಲಾಡಿದರೆ ಚಿತ್ರ ಕೆಡುತ್ತದೆ, ಮತ್ತೆ ಮೊದಲಿಂದ ಆಗಬೇಕು ಎಂದಿದ್ದರು. ಅರ್ಧ ಗಂಟೆಯ ಮೇಲೆ ಆ ಪಾದಗಳನ್ನು ಹಿಡಿದು ನಿಂತಿದ್ದೆ. ಒಂದು ಬೆರಳೂ ಅಲ್ಲಾಡಲಿಲ್ಲ. ಇಷ್ಟು ಹೊತ್ತು ಮಿಸುಕದೆ ಇರಬಲ್ಲವಳನ್ನು ನಾನು ಒಂದು ಕಡೆ ಕೂರುವುದಿಲ್ಲವೆಂದು ಹೊಡೆದಿದ್ದೆ.

ಆವತ್ತು ಸಂಜೆ ಮೇಡಂ ತಮ್ಮ ಕೋಣೆಯಲ್ಲಿ ಚಿತ್ರ ತೋರಿಸಿದರು. ಕಪ್ಪು ಬಿಳುಪಿನ ಮೆದುಳು, ಮಡಿಕೆ ಮಡಿಕೆ. ಮಗಳು ನನ್ನ ಪಕ್ಕದಲ್ಲೇ ನಿಂತಿದ್ದಳು. ನಾನು ಎಷ್ಟೋ ದಿನದಿಂದ ಕಟ್ಟಿಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿದೆ.

"ಎಷ್ಟು ಹಾಳಾಗೈತೆ ಮೇಡಂ? ಮುಚ್ಚಿಡಬೇಡಿ."

"ಒಬ್ಬರ ಚಿತ್ರ ನೋಡಿ ಅದನ್ನ ಹೇಳೋಕೆ ಬರಲ್ಲ" ಎಂದರು. "ಎಷ್ಟೋ ಮಕ್ಕಳ ಚಿತ್ರಗಳನ್ನ ಒಟ್ಟಿಗೆ ಇಟ್ಟು ಅಳೆದಾಗ ಸಣ್ಣ ವ್ಯತ್ಯಾಸ ಸಿಗಬಹುದು. ಇವಳೊಬ್ಬಳ ಚಿತ್ರ ನೋಡಿದ್ರೆ ಯಾವ ಡಾಕ್ಟ್ರೂ ಚೆನ್ನಾಗಿದೆ ಅಂತಾನೇ ಬರೀತಾರೆ. ಸೀಸ ಇಲ್ಲದೇ ಇದ್ದಿದ್ರೆ ಇವಳು ಹೇಗಿರ್ತಿದ್ಲು ಅಂತ ತೋರಿಸೋ ಯಂತ್ರ ನಮ್ಮ ಹತ್ರ ಇಲ್ಲ."

ಮಗಳು ಪರದೆಯನ್ನೇ ನೋಡುತ್ತಿದ್ದಳು. "ಅಂದ್ರೆ ನನ್ ತಲೇಲಿ ಏನೂ ಆಗಿಲ್ವಾ?"

"ಚಿತ್ರದಲ್ಲಿ ಏನೂ ಕಾಣಿಸ್ತಿಲ್ಲ ಪುಟ್ಟಾ" ಎಂದು ಮೇಡಂ ಅವಳ ಕೆನ್ನೆ ಮುಟ್ಟಿದರು.

ನನಗೆ ಅಷ್ಟೇ ಸಾಕಾಗಿತ್ತು. ಗೊತ್ತಿಲ್ಲ ಎಂದು ಅವರು ಹೇಳಿದ್ದನ್ನು ಪಕ್ಕಕ್ಕಿಟ್ಟು, ಚೆನ್ನಾಗಿದೆ ಎಂಬುದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡೆ. ಹೊರಗೆ ಬಂದು ಜೀಪಿಗೆ ಕಾಯುವಾಗ ನೋಡಿದರೆ ಮಗಳ ಮುಖ ಸಣ್ಣಗಾಗಿತ್ತು. ಕಣ್ಣಲ್ಲಿ ನೀರು.

"ಯಾಕೇ? ಚೆನ್ನಾಗೈತೆ ಅಂದ್ರಲ್ಲ" ಎಂದೆ.

"ಏನಾದ್ರೂ ಕಾಣ್ಸುತ್ತೆ ಅಂದ್ಕೊಂಡಿದ್ದೆ."

"ಹುಚ್ಚಿ, ಕಾಣ್ಸಬೇಕಿತ್ತಾ ನಿಂಗೆ?"

ಅವಳು ಚಪ್ಪಲಿಯ ತುದಿಯಿಂದ ನೆಲ ಕೆರೆಯುತ್ತಾ ಹೇಳಿದಳು. "ಕಂಡಿದ್ರೆ ನೀನು ಇನ್ಮೇಲೆ ಹೊಡೀತಿರ್ಲಿಲ್ಲ."

ಆಸ್ಪತ್ರೆ ಸೇರಿದ ದಿನದಿಂದ ನಾನು ಅವಳ ಮೇಲೆ ಕೈ ಎತ್ತಿರಲಿಲ್ಲ. ನಾನು ಬದಲಾಗಿದ್ದೇನೆ ಎಂದುಕೊಂಡಿದ್ದೆ. ಅವಳು ಮಾತ್ರ ಎಂಟು ತಿಂಗಳೂ ಅದನ್ನು ಕಾಯಿಲೆಯವರಿಗೆ ಕೊಡುವ ರಿಯಾಯಿತಿ ಎಂದು ತಿಳಿದು, ಅದು ಮುಗಿಯುವ ದಿನಕ್ಕೆ ಹೆದರುತ್ತಾ ಬಂದಿದ್ದಳು. ನಾನು ರಸ್ತೆಯ ಬದಿಯಲ್ಲೇ ಕುಕ್ಕರಗಾಲಲ್ಲಿ ಕೂತು ಅವಳ ಎರಡೂ ಕೈ ಹಿಡಿದುಕೊಂಡೆ. ಹೊಡೆಯುವುದಿಲ್ಲ ಎಂದೆ.

"ಮಗ್ಗಿ ತಪ್ಪಾದ್ರೂ?"

ತಪ್ಪಾದರೂ ಇಲ್ಲ ಎಂದೆ. ಅವಳು ನಂಬಿದ ಹಾಗೆ ಕಾಣಲಿಲ್ಲ.